ಬಹ್ರೇನ್ ಗಲಾಟೆಯ ದಿನಗಳು ಮತ್ತು ರಾತ್ರಿ 8ರ ಫೋನು

ನಮ್ಮ ಆಳಂದ ಕಡೆಯ ಇಬ್ಬರು ಹುಡುಗರು ಗಲ್ಫ್‌ಗೆ ಹೊರಟಿದ್ದಾರೆ. ಮೊನ್ನೆ ಮನೆಗೆ ಬಂದು "ಕಾಕಾ, ಅಲ್ಲಿ ಗಲಾಟಿ ಆದ್ರ ಏನ್ ಮಾಡಬೇಕ್ರಿ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2011ರಲ್ಲಿ ನಾನು ಬಹ್ರೇನ್‌ನ ಮನಾಮದಲ್ಲಿ ಎಸಿ ಮೆಕ್ಯಾನಿಕ್. ಅಲ್ಲಿನ ಗುದೈಬಿಯಾ ಬಡಾವಣೆಯಲ್ಲಿ ಒಂದು ರೂಮು, ಆರು ಜನ. ಫೆಬ್ರವರಿ 14ಕ್ಕೆ ಸರ್ಕಾರದ ವಿರುದ್ಧ ಪ್ರತಿಭಟನೆ ಶುರುವಾಯಿತು, ಜನ ನಡುವೆ ಮುತ್ತಿನ ಕಂಬವಿದ್ದ ಪರ್ಲ್ ಸರ್ಕಲ್‌ನಲ್ಲಿ ಟೆಂಟ್ ಹಾಕಿ ಕೂತರು. 16ರ ರಾತ್ರಿ ರೂಮಿನವರು ಸುಮ್ನೆ ನೋಡಿ ಬರೋಣ ಅಂದರು, ಹೋದೆ. ಒಬ್ಬ ಹುಡುಗ ಕೂರಿಸಿ ಚಹಾ ಕೊಟ್ಟ. ನಾವು ಬಂದು ಮಲಗಿದ ಮೇಲೆ, ಬೆಳಗಿನ ಜಾವ ಪೊಲೀಸರು ಅದೇ ಟೆಂಟ್‌ಗಳ ಮೇಲೆ ನುಗ್ಗಿದರು. ಜನ ಸತ್ತರು. ಆ ಹುಡುಗ ಏನಾದನೋ, ಇವತ್ತಿಗೂ ನೆನಪಾಗುತ್ತಾನೆ. ಅವತ್ತಿನಿಂದ ನೋಡೋಕೆ ಅಂತ ಎಲ್ಲಿಗೂ ಹೋಗಲಿಲ್ಲ, ಮೊಬೈಲ್‌ನಲ್ಲಿ ಒಂದು ಫೋಟೋ ಸಹ ಇಟ್ಟುಕೊಳ್ಳಲಿಲ್ಲ.

ಮಾರ್ಚ್ 14ಕ್ಕೆ ಬಹ್ರೇನ್ ಸರ್ಕಾರದ ನೆರವಿಗೆ ಸೌದಿ ಸೈನ್ಯ ಎರಡು ದೇಶಗಳ ನಡುವಿನ ಸೇತುವೆ ದಾಟಿ ಬಂತು. ಮರುದಿನ ತುರ್ತು ಪರಿಸ್ಥಿತಿ, ಅದರ ಮರುದಿನ ಮನಾಮದ ಕೆಲವು ಕಡೆ ಸಂಜೆ 4ರಿಂದ ಬೆಳಗಿನ 4ರವರೆಗೆ ಕರ್ಫ್ಯೂ. ಅಷ್ಟರಲ್ಲಿ ನಾವು ಅಕ್ಕಿ, ಬೇಳೆ, ಕುಡಿಯುವ ನೀರು ತಂದಿಟ್ಟಿದ್ದೆವು. ಊರಿನಿಂದ ಬಂದಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಆ ವಾರ ಆರು ಜನರನ್ನೂ ಕಾಯಿತು, ಕೇರಳದ ಹುಡುಗರು ರೊಟ್ಟಿಯನ್ನ ಸಾರಿನಲ್ಲಿ ನೆನೆಸಿಕೊಂಡು ತಿಂದರು. ದಾರಿಯಲ್ಲಿ ಎಲ್ಲೆಂದರಲ್ಲಿ ತಡೆದು ಕೇಳುತ್ತಿದ್ದರು, ಅದಕ್ಕೇ ಸಿಪಿಆರ್ ಕಾರ್ಡ್ (ಅಲ್ಲಿನ ಗುರುತಿನ ಚೀಟಿ) ಯಾವಾಗಲೂ ಅಂಗಿ ಜೇಬಿನಲ್ಲೇ. ಪಾಸ್‌ಪೋರ್ಟ್ ಕಂಪನಿಯವರ ಹತ್ತಿರ ಇತ್ತು, ಕೇಳಿದರೂ ಕೊಡಲಿಲ್ಲ. ಆ ಸಿಟ್ಟು ನನಗಿನ್ನೂ ಹೋಗಿಲ್ಲ. ಕೈಯಲ್ಲಿದ್ದದ್ದು ಬರುವ ಮೊದಲೇ ಮಾಡಿಸಿದ್ದ ಜೆರಾಕ್ಸ್ ಅಷ್ಟೇ. ಇನ್ನೊಂದು ಪ್ರತಿ ಊರಲ್ಲಿ ಅವ್ವನ ಟ್ರಂಕಿನಲ್ಲಿತ್ತು.

ಆದರೆ ನನಗೆ ಜಾಸ್ತಿ ಕಷ್ಟವಾಗಿದ್ದು ಮನೆಯವರ ಭಯ. "ಟಿವಿದಾಗ ಬರೀ ಹೊಗಿನೇ ತೋರಿಸ್ಲತಾರ, ಬಂದ್ಬಿಡಪ್ಪಾ" ಅಂತ ಅವ್ವ ಅಳುತ್ತಿದ್ದಳು. "ಏನೂ ಇಲ್ಲವ್ವಾ" ಅಂತ ಸುಳ್ಳು ಹೇಳಿದೆ. ನಂಬಲಿಲ್ಲ. ಕಣ್ಣಿಗೆ ಕಾಣುತ್ತಿರುವಾಗ ಹೇಗೆ ನಂಬುತ್ತಾಳೆ, ಅಲ್ವಾ? ದಿನಕ್ಕೆ ಹತ್ತು ಸಲ ಫೋನು, ಎತ್ತದಿದ್ದರೆ ಉಪವಾಸ. ಆಮೇಲೆ ನಿಜ ಹೇಳೋಕೆ ಶುರು ಮಾಡಿದೆ. "ಗಲಾಟಿ ಆಗೋ ಜಾಗ ನಮ್ಮ ಮನಿಯಿಂದ ಮ್ಯಾಲಿನ ಹೊಲಕ್ಕ ಹೋದಷ್ಟು ದೂರ ಅದವ್ವಾ, ನಾ ಆ ಕಡಿ ಹೋಗಲ್ಲ. ಇವತ್ತು ಅನ್ನ ಸಾರು ಉಂಡೀನಿ." ಹೊಲದ ದೂರ ಅವಳಿಗೆ ಗೊತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರಿಗೆ ಏನ್ ಹಾಕಿದ್ದೆಪ್ಪಾ?" ಅಂದಳು. ಅಲ್ಲಿಂದ ಒಂದೇ ಹೊತ್ತು ಗೊತ್ತು ಮಾಡಿಕೊಂಡೆವು. ಊರಲ್ಲಿ ರಾತ್ರಿ 8, ಬಹ್ರೇನ್‌ನಲ್ಲಿ ಸಂಜೆ 5.30. ಲೈನ್ ಸಿಗದಿದ್ದರೆ ಮರುದಿನ ಅದೇ ಹೊತ್ತಿನವರೆಗೆ ಯಾರೂ ಗಾಬರಿಯಾಗಬಾರದು ಅಂತ ತಮ್ಮನಿಗೂ ಹೇಳಿದ್ದೆ.

ಮಾರ್ಚ್ 18ಕ್ಕೆ ಆ ಸರ್ಕಲ್‌ನ ಮುತ್ತಿನ ಕಂಬವನ್ನೇ ಕೆಡವಿದರು. ಅದರ ಚಿತ್ರವಿದ್ದ 500 ಫಿಲ್ಸ್ ನಾಣ್ಯವನ್ನೂ ಆಮೇಲೆ ವಾಪಸ್ ತೆಗೆದುಕೊಂಡರು. ನನ್ನ ಹತ್ತಿರ ಒಂದು ಉಳಿದಿದೆ, ಹುಡುಗರಿಗೆ ತೋರಿಸಿದೆ. ಆಮೇಲೆ ಇಬ್ಬರನ್ನೂ ಪಾಸ್‌ಪೋರ್ಟ್ ಜೆರಾಕ್ಸ್ ಮಾಡಿಸಲು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಕಳಿಸಿದೆ, ಒಂದು ಪ್ರತಿ ಮನೆಯಲ್ಲಿಡೋಕೆ.