ಹಳೆ ಟೂರಿಂಗ್ ಸೈಕಲ್: ಹಿಂದಿನ ಹಬ್ ಬಿಚ್ಚಿ ಗ್ರೀಸ್ ಹಾಕುವ ಬಗೆ

ಸೆಕೆಂಡ್ ಹ್ಯಾಂಡ್ ಟೂರಿಂಗ್ ಸೈಕಲ್ ಕೊಂಡರೆ ಮೊದಲು ಹಿಂದಿನ ಹಬ್, ಅಂದರೆ ಚಕ್ರದ ನಟ್ಟನಡುವಿನ ಭಾಗ, ಬಿಚ್ಚಿ ನೋಡಿ. ಲಗೇಜಿನ ಹೆಚ್ಚು ಭಾರ ಹೊರುವುದು ಅದೇ. ಚಕ್ರ ಕಳಚಿ, ಕ್ವಿಕ್ ರಿಲೀಸ್ (ಚಕ್ರವನ್ನು ಸೈಕಲ್ಲಿಗೆ ಬಿಗಿಯುವ, ಹಿಡಿ ಇರುವ) ಕಡ್ಡಿ ಎಳೆದು, ಎಕ್ಸೆಲನ್ನು, ಅಂದರೆ ಹಬ್ಬಿನ ನಡುವಿನ ಅಚ್ಚನ್ನು, ಬೆರಳಲ್ಲಿ ತಿರುಗಿಸಿ. ಮರಳು ಅರೆದ ಹಾಗೆ ಕರಕರ ಎಂದರೆ ಗ್ರೀಸಿಗೆ ಕೊಳೆ ಸೇರಿದೆ. ತಡೆದು ತಡೆದು ತಿರುಗಿದರೆ ಕೋನಿಗೆ ಗುಳಿ ಬಿದ್ದಿರಬಹುದು, ಅಥವಾ ಯಾರೋ ಅತಿ ಬಿಗಿ ಮಾಡಿರಬಹುದು. ಇಲ್ಲಿ ಹೇಳುವುದು ಕಪ್-ಕೋನ್ ಹಬ್ಬಿನ ಮಾತು: ಹಬ್ಬಿನೊಳಗಿನ ಬಟ್ಟಲು ಕಪ್, ಎಕ್ಸೆಲ್ ಮೇಲೆ ತಿರುಗಿಸಿ ಕೂರಿಸುವ ಶಂಕು ಕೋನ್, ಇವೆರಡರ ನಡುವೆ ಬಿಡಿ ಗುಂಡುಗಳು ಓಡುತ್ತವೆ. ಗುಂಡುಗಳನ್ನು ಒಳಗಿಟ್ಟು ಮುಚ್ಚಿದ ಸೀಲ್ಡ್ ಬೇರಿಂಗ್ ಇದ್ದರೆ ಬೇರಿಂಗನ್ನೇ ಬದಲಿಸಬೇಕು.

ಸಾಮಾನ್ಯ ಶಿಮಾನೊ ಕಂಪನಿಯ ಹಬ್ಬಿಗೆ 15 ಎಂಎಂ ಕೋನ್ ಸ್ಪ್ಯಾನರ್, ಕೋನ್ ಅಲುಗದಂತೆ ಹಿಡಿಯುವ ಲಾಕ್ ನಟ್ಟಿಗೆ 17 ಎಂಎಂ ಸ್ಪ್ಯಾನರ್ ಬೇಕು. ಕೋನ್ ಸ್ಪ್ಯಾನರ್ ತೆಳ್ಳಗಿರಲೇಬೇಕು. ದಪ್ಪನೆಯದು ಕೋನಿನ ಚಪ್ಪಟೆ ಅಂಚಿಗೆ ಕೂರುವುದಿಲ್ಲ. ಎಡಗಡೆಯ ಲಾಕ್ ನಟ್, ಕೋನನ್ನಷ್ಟೇ ಬಿಚ್ಚಿ. ಗೇರ್ ಕಡೆಯ ಕೋನನ್ನು ಎಕ್ಸೆಲ್ ಮೇಲೆ ಹಾಗೇ ಬಿಟ್ಟರೆ ಮತ್ತೆ ಜೋಡಿಸುವಾಗ ಎಕ್ಸೆಲ್ ಎರಡೂ ಕಡೆ ಮೊದಲಿನಷ್ಟೇ ಹೊರಚಾಚುತ್ತದೆ. ಚಕ್ರದ ಕೆಳಗೆ ಬಟ್ಟೆ ಹಾಸಿಕೊಳ್ಳಿ, ಗುಂಡುಗಳು ಉರುಳಿ ಮಂಚದಡಿ ಸೇರುವುದು ಗ್ಯಾರಂಟಿ.

ಕಪ್, ಕೋನನ್ನು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ. ಹಬ್ಬನ್ನೇ ಮುಳುಗಿಸಬೇಡಿ; ಫ್ರೀಹಬ್ಬಿನೊಳಗಿನ (ಗೇರ್ ಹಲ್ಲುಚಕ್ರಗಳು ಕೂರುವ ಭಾಗದ) ಎಣ್ಣೆಯೂ ತೊಳೆದುಹೋಗುತ್ತದೆ. ಒಣಗಿದ ಮೇಲೆ ಬಾಲ್‌ಪೆನ್ನಿನ ತುದಿಯನ್ನು ಕೋನಿನಲ್ಲಿ ಗುಂಡು ಓಡುವ ಜಾಡಿನ ಮೇಲೆ ಮೆಲ್ಲಗೆ ಎಳೆಯಿರಿ. ಎಲ್ಲಾದರೂ ತಟಕ್ ಎಂದು ಸಿಕ್ಕಿಕೊಂಡರೆ ಕೋನ್ ಬದಲಿಸಿ. ಕಪ್ಪಿನಲ್ಲೇ ಗುಳಿ ಇದ್ದರೆ ಅದರ ರಿಪೇರಿಗೆ ಖರ್ಚು ಬೇಡ, ಹಬ್ ಬದಲಿಸುವುದೇ ಲೇಸು.

ಗುಂಡುಗಳು ಕಾಲಿಂಚಿನವು, ಅಂದರೆ 6.35 ಎಂಎಂ, ಒಂದೊಂದು ಕಡೆ 9. ಹಳೆಯದು ಹೊಳೆಯುತ್ತಿದ್ದರೂ ಎಲ್ಲವನ್ನೂ ಹೊಸದೇ ಹಾಕಿ. ಒಂದೆರಡನ್ನಷ್ಟೇ ಬದಲಿಸಿದರೆ, ಸವೆಯದ ದಪ್ಪ ಗುಂಡೇ ಭಾರವೆಲ್ಲ ಹೊತ್ತು ಕಪ್ಪನ್ನು ತಿನ್ನುತ್ತದೆ. ಕಪ್ಪಿನಲ್ಲಿ ಲಿಥಿಯಂ ಗ್ರೀಸ್ ಧಾರಾಳವಾಗಿ ಬಳಿದು, ಗುಂಡು ಅದರೊಳಗೆ ಹೂತು ಕೂತಿರುವಂತೆ ಇಟ್ಟು, ಮೇಲೊಂದು ಪದರ ಹಚ್ಚಿ. ಹೆಚ್ಚಾದದ್ದು ಹೊರಗೆ ಬರುತ್ತದೆ, ಒರೆಸಿದರಾಯಿತು. ಗ್ರೀಸಿನ ಬದಲು ಡಬ್ಲ್ಯುಡಿ-40 ಸ್ಪ್ರೇ ಸಿಂಪಡಿಸಿ ಮುಗಿಸಿದರೆ ಇದ್ದ ಗ್ರೀಸೂ ಕರಗೀತು.

ಕೆಲಸ ಕೆಡುವುದು ಕೊನೆಯ ಬಿಗಿಯಲ್ಲಿ. ಕೋನನ್ನು ಬೆರಳಲ್ಲಿ ತಾಕುವಷ್ಟು ತಿರುಗಿಸಿ, ಸ್ವಲ್ಪ ಹಿಂದೆ ಬಿಟ್ಟು, 15ರ ಸ್ಪ್ಯಾನರಿನಲ್ಲಿ ಅದನ್ನು ಹಿಡಿದುಕೊಂಡೇ ಲಾಕ್ ನಟ್ ಬಿಗಿಯಿರಿ. ಈಗ ಎಕ್ಸೆಲ್ ಕೂದಲೆಳೆಯಷ್ಟು ಅಲ್ಲಾಡಬೇಕು. ಕ್ವಿಕ್ ರಿಲೀಸ್ ಮುಚ್ಚಿದಾಗ ಎಕ್ಸೆಲ್ ಒತ್ತಡಕ್ಕೆ ಸಿಕ್ಕಿ, ಆ ಸಡಿಲ ತುಂಬಿಕೊಳ್ಳುತ್ತದೆ. ಮೊದಲೇ ಬಿಗಿ ಇದ್ದರೆ ಸೈಕಲ್ಲಿಗೆ ಹಾಕಿದಾಗ ಅತಿಬಿಗಿ. ಚಕ್ರ ಕೂರಿಸಿ, ರಿಮ್ ಹಿಡಿದು ಅಡ್ಡಕ್ಕೆ ಅಲುಗಿಸಿ. ಟಕ್ ಟಕ್ ಎಂದರೆ ಕೋನನ್ನು ಎಂಟನೇ ಒಂದು ಸುತ್ತು ಬಿಗಿಸಿ ಮತ್ತೆ ನೋಡಿ. ಮೂರ್ನಾಲ್ಕು ಸಲ ಮಾಡಬೇಕಾದೀತು.