ಮೂವತ್ತು ಲಕ್ಷ ಡಾಲರಿನ ಜಾಡು ಹಿಡಿದು

ಬೇಸಿಗೆ ಶಿಬಿರದ ಮಕ್ಕಳಿಗೆ ಅರ್ಧ ಗಂಟೆಯ ನಾಟಕ ಬರೆದುಕೊಡುತ್ತೇನೆ. ಅಷ್ಟು ಹೊತ್ತಿನಲ್ಲಿ ಒಂದಿಡೀ ಊರನ್ನು ರಂಗಕ್ಕೆ ತರುವ ಬಗೆಯನ್ನು ನಾನು ಕಲಿತದ್ದು ‘ದಿ ಸಿಂಪ್ಸನ್ಸ್’ ಕಾರ್ಟೂನಿನ ಒಂದು ಕಂತನ್ನು ಬಿಚ್ಚಿ ನೋಡಿ. ಅದು 1993ರ ಜನವರಿ 14ರಂದು ಅಮೆರಿಕದಲ್ಲಿ ಪ್ರಸಾರವಾದ ‘ಮಾರ್ಜ್ ವರ್ಸಸ್ ದಿ ಮಾನೊರೈಲ್’. ಬರೆದವರು ಕೋನನ್ ಓಬ್ರಿಯನ್, ನಿರ್ದೇಶಿಸಿದವರು ರಿಚ್ ಮೂರ್.

ಮೊದಲ ಸಲ ನಗುವುದಕ್ಕೆಂದೇ ನೋಡಿ, ಆಮೇಲೆ ಕಾಗದ ಹಿಡಿದು ಕುಳಿತೆ. ದೃಶ್ಯದಲ್ಲಿ ಯಾರಿದ್ದಾರೆ, ಅವರಿಗೆ ಏನು ಬೇಕು ಎಂದು ಬರೆದುಕೊಳ್ಳುವುದನ್ನು ಎಲ್ಲರೂ ಹೇಳಿಕೊಡುತ್ತಾರೆ. ನಾನು ಇನ್ನೊಂದು ಸಾಲು ಸೇರಿಸಿದೆ: ಹಣ ಈಗ ಯಾರ ಕೈಯಲ್ಲಿದೆ? ಕಥೆ ಬಿಚ್ಚಿಕೊಂಡದ್ದು ಅಲ್ಲಿಂದ.

ಅಣು ಸ್ಥಾವರದ ಮಾಲೀಕ ಬರ್ನ್ಸ್ ವಿಕಿರಣ ತ್ಯಾಜ್ಯದ ಪೀಪಾಯಿಗಳನ್ನು ಉದ್ಯಾನದ ಮರಗಳೊಳಗೆ ತುರುಕುವಾಗ ಸಿಕ್ಕಿಬೀಳುತ್ತಾನೆ. ಮೂವತ್ತು ಲಕ್ಷ ಡಾಲರ್ ದಂಡ. ನಿಂತ ಕಾಲಿನಲ್ಲೇ ಜೇಬಿನಿಂದ ತೆಗೆದು ಕೊಡುತ್ತಾನೆ. ಹಣ ಊರಿನದಾಯಿತು, ಏನು ಮಾಡುವುದೆಂದು ಸಭೆ. ಅದೇ ಬರ್ನ್ಸ್ ಅಂಟಿಸಿದ ಮೀಸೆಯಲ್ಲಿ ಬಂದು, ಹಣವನ್ನು ಸ್ಥಾವರಕ್ಕೇ ಹಾಕಿ ಎನ್ನುತ್ತಾನೆ. ಸಿಂಪ್ಸನ್ ಮನೆಯ ತಾಯಿ ಮಾರ್ಜ್ ಎದ್ದು, ಮುಖ್ಯ ರಸ್ತೆಯ ಗುಂಡಿ ಮುಚ್ಚಿಸೋಣ ಎನ್ನುತ್ತಾಳೆ. ಊರು ಇನ್ನೇನು ಒಪ್ಪಿತು ಎನ್ನುವಾಗ ಹಿಂದಿನಿಂದ ಒಂದು ಸಿಳ್ಳೆ. ಲೈಲ್ ಲ್ಯಾನ್ಲಿ ಬಂದ, ಒಂಟಿ ಹಳಿಯ ರೈಲು ಮಾರಲು. ಮುಂದಿನ ದೃಶ್ಯಕ್ಕೆ ಹಣ ಹೋಗಿಯಾಯಿತು.

ಅವನ ಹಾಡನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಬಣ್ಣದ ಮಾತಿನ ಮೋಸಗಾರನೊಬ್ಬ ಅಯೋವದ ಸಣ್ಣ ಊರಿಗೆ ಬ್ಯಾಂಡ್ ವಾದ್ಯ ಮಾರುವ ‘ದಿ ಮ್ಯೂಸಿಕ್ ಮ್ಯಾನ್’ ಎಂಬ 1957ರ ಬ್ರಾಡ್‌ವೇ ಸಂಗೀತ ನಾಟಕದ ಅಣಕ ಅದು. ಊರಿನವರು ಕೇಳುವ ಪ್ರಶ್ನೆಗಳು ಸರಿಯಾಗಿಯೇ ಇವೆ: ಸದ್ದು ಜಾಸ್ತಿಯಂತೆ? ಹಳಿ ಬಾಗಿದರೆ? ಲ್ಯಾನ್ಲಿ ಯಾವುದಕ್ಕೂ ಸಾಕ್ಷಿ ಕೊಡುವುದಿಲ್ಲ, ಪ್ರಾಸ ಕೊಡುತ್ತಾನೆ. ಪ್ರಾಸ ಕೂಡಿತೆಂದರೆ ಕಿವಿ ಒಪ್ಪಿಬಿಡುತ್ತದೆ. ಭಾರತ ಮೂಲದ ಅಂಗಡಿಕಾರ ಅಪುವಿನ ಪ್ರಶ್ನೆಗೆ ಉತ್ತರಿಸುವಾಗ ಅವನ ಧರ್ಮವನ್ನೂ ಎಳೆದು ತರುತ್ತಾನೆ. ನನಗೆ ಅದು ಚುಚ್ಚಿತು. ಆದರೆ ಮಾತಿನ ವ್ಯಾಪಾರಿ ಎದುರಿನವನ ಮುಖ ನೋಡಿಯೇ ಮಾತು ಹೊಸೆಯುವುದು ಹೀಗೆ. ಮಾರ್ಜ್‌ಳ ಬುದ್ಧಿವಂತೆ ಮಗಳು ಲೀಸಾಳ ಸಂದೇಹಕ್ಕಂತೂ, ಉತ್ತರ ಹೇಳಿದರೆ ಅರ್ಥವಾಗುವುದು ನಮ್ಮಿಬ್ಬರಿಗೆ ಮಾತ್ರ ಎಂದುಬಿಡುತ್ತಾನೆ. ಅವಳು ನಾಚಿ ನಗುತ್ತಾಳೆ, ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಈ ಕಂತಿನಲ್ಲಿ ದಡ್ಡರಷ್ಟೇ ಮೋಸಹೋಗುವುದಿಲ್ಲ ಎಂಬುದೇ ನನಗೆ ಹಿಡಿಸಿದ್ದು.

ಇದನ್ನೇ ಇಟ್ಟುಕೊಂಡು ಕೆರೆಯ ನಾಟಕ ಬರೆದೆ. ಹೆದ್ದಾರಿಗೆ ಗೋಮಾಳ ಹೋಗಿ ಊರಿಗೆ ಪರಿಹಾರದ ಹಣ ಬಂದಿದೆ. ಕೋಡಿ ಒಡೆದಿದೆ, ರಿಪೇರಿ ಮಾಡಿಸೋಣ ಎನ್ನುತ್ತಾಳೆ ಒಬ್ಬಳು ಅಜ್ಜಿ. ಅಷ್ಟರಲ್ಲಿ ಸಂಗೀತ ಕಾರಂಜಿ ಮಾರುವವನು ಬರುತ್ತಾನೆ. ಹಣವನ್ನು ಕೆಂಪು ಬಟ್ಟೆಯ ಗಂಟಾಗಿಸಿದೆ. ಪ್ರತಿ ದೃಶ್ಯದಲ್ಲೂ ಅದು ಯಾರದಾದರೂ ಕೈಯಲ್ಲಿ ಕಾಣಬೇಕು. ಗಂಟು ಕೈ ಬದಲಾಯಿಸದ ದೃಶ್ಯ ಬಂದರೆ ಹೊಡೆದುಹಾಕಿದೆ. ಎರಡು ಒಳ್ಳೆಯ ಹಾಸ್ಯಗಳೂ ಹಾಗೆ ಹೋದವು, ಹೋಗಲಿ. ಹಾಡನ್ನು ಮಾತ್ರ ಮಕ್ಕಳಿಂದಲೇ ಕಟ್ಟಿಸಿದೆ. ನಿಯಮ ಒಂದೇ: ಉತ್ತರ ಪ್ರಾಸಕ್ಕೆ ಕೂಡಬೇಕು, ಪ್ರಶ್ನೆಗೆ ಕೂಡಬಾರದು.

‘ಕೋಡಿ ಒಡೆದರೆ ನೀರು ಎಲ್ಲಿ?’
‘ಕಾರಂಜಿ ಕುಣಿವುದು ನೋಡಿರಿ ಇಲ್ಲಿ!’

ಮೂಲದ ಕೊನೆಯನ್ನು ನಾನು ಮುಟ್ಟಲಿಲ್ಲ. ನಿಲ್ಲದೆ ಓಡುವ ರೈಲು, ನಡುವೆ ಸೂರ್ಯಗ್ರಹಣ, ಲಂಗರು ಸಿಕ್ಕಿಕೊಳ್ಳಲು ಒಂದು ದೈತ್ಯ ಡೋನಟ್: ಇವೆಲ್ಲ ಗೆರೆಯಲ್ಲಿ ನಡೆಯುತ್ತವೆ, ಶಾಲೆಯ ಜಗಲಿಯಲ್ಲಿ ನಡೆಯುವುದಿಲ್ಲ. ಆದರೆ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ನಟ ಲೆನಾರ್ಡ್ ನಿಮಾಯ್ ಪಾತ್ರವನ್ನು ಬಿಡಲಾಗಲಿಲ್ಲ. ಆತ ತನ್ನದೇ ಪಾತ್ರದಲ್ಲಿ ಅತಿಥಿಯಾಗಿ ಬಂದು, ಎಲ್ಲ ಮುಗಿದ ಮೇಲೆ ನನ್ನ ಕೆಲಸ ಆಯಿತು ಎನ್ನುತ್ತಾನೆ. ನೀನು ಏನೂ ಮಾಡಲಿಲ್ಲವಲ್ಲ ಎಂದು ಊರಿನ ಕುಡುಕ ಬಾರ್ನಿ ಕೇಳಿದರೆ, ಮಾಡಲಿಲ್ಲವೇ ಎಂದು ನಕ್ಕು ಮಾಯವಾಗುತ್ತಾನೆ. ನಮ್ಮಲ್ಲಿ ಅವನು ಹಾರ ಹಾಕಿಸಿಕೊಂಡು ಕೂರುವ ಮುಖ್ಯ ಅತಿಥಿ. ಮಾತು ಕಡಿಮೆ, ಚಪ್ಪಾಳೆ ಜಾಸ್ತಿ. ಪಾತ್ರ ಹಂಚುವ ದಿನ ಜಗಳ ಆಗುವುದು ಅದಕ್ಕೇ.