ನನ್ನ ಫೋಟೋ ಹಾಕಿ ಯಾರೋ ಮಾರುತ್ತಿದ್ದರು: ನಾನು ಅದನ್ನು ತೆಗೆದುಹಾಕಿಸಿದ್ದು ಹೀಗೆ

ನಾನು ಕ್ರೋಶಾ ಹಾಕುತ್ತೇನೆ. ಸ್ವೆಟರ್, ಶಾಲು, ಮಕ್ಕಳ ಟೋಪಿ. ಹೆಣೆದು ಮುಗಿದ ಮೇಲೆ ಹಾಕಿಕೊಂಡು ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಹಂಚಿಕೊಳ್ಳುತ್ತೇನೆ. ಒಮ್ಮೆ ಪರಿಚಯವಿಲ್ಲದ ಮಹಿಳೆಯೊಬ್ಬರು ಮೆಸೇಜ್ ಮಾಡಿದರು. ನನ್ನ ಸ್ವೆಟರಿನ ಫೋಟೋ ನೋಡಿ ಎಲ್ಲೋ ಆರ್ಡರ್ ಮಾಡಿದ್ದರಂತೆ. ಬಂದಿದ್ದು ತೆಳ್ಳಗಿನ ಅಂಗಿ, ಅದರ ಮೇಲೆ ಹೆಣಿಗೆಯ ಚಿತ್ರ ಪ್ರಿಂಟ್ ಮಾಡಿದ್ದರು. "ಇದು ನೀವು ಕಳಿಸಿದ್ದಾ?" ಎಂದು ಕೇಳಿದರು. ನನಗೆ ಜಾಸ್ತಿ ನೋವಾಗಿದ್ದು ಆ ಪ್ರಶ್ನೆಯಿಂದ. ನನ್ನ ಮುಖ ನೋಡಿ ನಂಬಿದವರು ಮೋಸ ಹೋಗಿದ್ದರು.

ಇಂಥದ್ದು ಕಂಡಾಗ ಮಾರುವವರಿಗೆ ನಾನು ಮೊದಲೇ ಮೆಸೇಜ್ ಹಾಕುವುದಿಲ್ಲ. ಸುಳಿವು ಸಿಕ್ಕರೆ ಪುಟ ಅಳಿಸಿ, ಬೇರೆ ಹೆಸರಲ್ಲಿ ಅದೇ ಫೋಟೋ ಹಾಕಬಹುದು. ಇಡೀ ಪುಟದ ಸ್ಕ್ರೀನ್‌ಶಾಟ್ ತೆಗೆದು, ಲಿಂಕ್, ಮಾರುವವರ ಹೆಸರು, ದಿನಾಂಕ ಎಲ್ಲ ಬರೆದಿಟ್ಟುಕೊಳ್ಳುತ್ತೇನೆ. ವೆಬ್ ಪುಟಗಳ ನಕಲು ಉಳಿಸಿಡುವ ವೇಬ್ಯಾಕ್ ಮಷೀನ್ ತಾಣದಲ್ಲೂ ಪುಟ ಉಳಿಸಲು ನೋಡುತ್ತೇನೆ. ಎಲ್ಲ ತಾಣಗಳೂ ಅದಕ್ಕೆ ಬಿಡುವುದಿಲ್ಲ.

ಆಮೇಲೆ ಹುಡುಕಾಟ. ಒಂದು ಕಡೆ ಇದ್ದರೆ ಇನ್ನೂ ನಾಲ್ಕು ಕಡೆ ಇರುತ್ತದೆ. ಫೋಟೋ ಕೊಟ್ಟರೆ ಅದು ಎಲ್ಲೆಲ್ಲಿದೆ ಎಂದು ಹುಡುಕುವ ಗೂಗಲ್ ಲೆನ್ಸ್, ಟಿನ್‌ಐ ಎರಡರಲ್ಲೂ ಹಾಕಿ ನೋಡುತ್ತೇನೆ. ಕೆಲವರು ಫೋಟೋವನ್ನು ಎಡಬಲ ತಿರುಗಿಸಿ, ತಲೆ ಕತ್ತರಿಸಿ ಹಾಕಿರುತ್ತಾರೆ. ಅದಕ್ಕೇ ನಾನೂ ತಿರುಗಿಸಿ ಒಮ್ಮೆ, ಕುತ್ತಿಗೆ ಪಟ್ಟಿಯಷ್ಟೇ ಕತ್ತರಿಸಿ ಒಮ್ಮೆ ಹುಡುಕುತ್ತೇನೆ.

ಇನ್ನು ದೂರು. ಪುಟದ ಕೆಳಗಿರುವ ರಿಪೋರ್ಟ್ ಬಟನ್ ಒತ್ತಿ ಸುಮ್ನೆ ಕಾದರೆ ಕೆಲಸ ಆಗುವುದು ಕಷ್ಟ. ದೊಡ್ಡ ತಾಣಗಳಲ್ಲಿ ಕಾಪಿರೈಟ್ ದೂರಿಗೇ ಬೇರೆ ಫಾರ್ಮ್ ಇರುತ್ತದೆ. ಅಮೆರಿಕದ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾನೂನಿನ ಮಾದರಿಯನ್ನೇ ಬಹಳಷ್ಟು ತಾಣಗಳು ಇಟ್ಟುಕೊಂಡಿವೆ. ಮೂಲ ಫೋಟೋ ಯಾವುದು, ಕದ್ದದ್ದು ಯಾವ ಲಿಂಕ್‌ನಲ್ಲಿದೆ, ಹೇಳುತ್ತಿರುವುದು ನಿಜ ಎಂಬ ಹೇಳಿಕೆ, ಸಹಿ, ಸಂಪರ್ಕ ವಿವರ: ಇಷ್ಟು ಕೇಳುತ್ತಾರೆ. ಒಂದು ಎಚ್ಚರ ಬೇಕು. ನೀವು ಕೊಟ್ಟ ಹೆಸರು, ಇಮೇಲ್ ಮಾರುವವರ ಕೈಗೂ ಹೋಗಬಹುದು. ನಾನು ಇದಕ್ಕೆಂದೇ ಬೇರೆ ಇಮೇಲ್ ಇಟ್ಟುಕೊಂಡಿದ್ದೇನೆ.

ದೂರಿನಲ್ಲಿ "ನನ್ನ ಡಿಸೈನ್ ಕದ್ದಿದ್ದಾರೆ" ಎಂದು ಬರೆಯುವುದಿಲ್ಲ. ಅದನ್ನು ಸಾಬೀತು ಮಾಡುವುದು ದೊಡ್ಡ ತಲೆನೋವು. "ಈ ಫೋಟೋ ನಾನು ತೆಗೆದದ್ದು" ಅನ್ನುವುದಕ್ಕೆ ಪುರಾವೆ ನನ್ನ ಹತ್ತಿರವೇ ಇದೆ. ಕಾಪಿರೈಟ್ ಕುರಿತ 1886ರ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಈ ಹಕ್ಕಿಗೆ ನೋಂದಣಿ ಬೇಕಿಲ್ಲ, ಫೋಟೋ ತೆಗೆದ ಕೂಡಲೇ ಬರುತ್ತದೆ. ಆದರೆ ಸಾಮಾನ್ಯವಾಗಿ ಅದು ಬರುವುದು ತೆಗೆದವರಿಗೆ, ಫೋಟೋದಲ್ಲಿ ಇರುವವರಿಗಲ್ಲ. ಕದ್ದ ಫೋಟೋಗಳಲ್ಲಿ ಒಂದನ್ನು ನನ್ನ ಗೆಳತಿ ತೆಗೆದಿದ್ದಳು. ಅದರಲ್ಲಿ ಮುಖ ನನ್ನದು, ಸ್ವೆಟರ್ ನನ್ನದು, ಆದರೂ ಕಾಪಿರೈಟ್ ದೂರು ಅವಳ ಹೆಸರಲ್ಲೇ ಹೋಯಿತು. ನನ್ನ ಮುಖ ಬಳಸಿದ್ದಕ್ಕೆ ನಾನು ಖಾಸಗಿತನದ ದೂರು ಬೇರೆಯಾಗಿ ಕೊಟ್ಟೆ.

ಪುರಾವೆ ಅಂದೆನಲ್ಲ, ಅದು ಕ್ಯಾಮೆರಾದ ಮೂಲ ಫೈಲ್. ತೆಗೆದ ದಿನ, ಹೊತ್ತು, ಕ್ಯಾಮೆರಾ ಮಾಡೆಲ್ ಅದರೊಳಗೇ ದಾಖಲಾಗಿರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಆ ವಿವರ ಅಳಿಸಿಹೋಗುತ್ತದೆ, ಹಾಗಾಗಿ ಮೂಲವನ್ನು ಬೇರೆಯಾಗಿಯೇ ಇಡುತ್ತೇನೆ. ಜೊತೆಗೆ, ಆನ್‌ಲೈನ್‌ನಲ್ಲಿ ಹಾಕುವಾಗ ಅಂಚು ಕತ್ತರಿಸಿಯೇ ಹಾಕುತ್ತೇನೆ. ಆ ಸ್ವೆಟರಿನ ಫೋಟೋ ಅವರ ಪುಟದಲ್ಲಿ ಎಡತೋಳಿನ ಹತ್ತಿರ ಮುಗಿದಿತ್ತು. ನನ್ನ ಮೂಲದಲ್ಲಿ ಅದರಾಚೆಗೆ ಕುರ್ಚಿ, ಕುರ್ಚಿಯ ಮೇಲೆ ಸೂಜಿ ಚುಚ್ಚಿಟ್ಟ ಅದೇ ನೀಲಿ ನೂಲಿನ ಉಂಡೆ ಕಾಣುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಕಳಿಸಿದೆ. ಆ ತಾಣದವರು ಮತ್ತೇನೂ ಕೇಳದೆ ಪುಟ ತೆಗೆದುಹಾಕಿದರು. ಮಾರುವವರು ನಮ್ಮ ದೂರಿಗೆ ಎದುರು ದೂರು ಕೊಡುವ ಅವಕಾಶವೂ ಇದೆ. ಕೊಟ್ಟರೆ, ಡಿಎಂಸಿಎ ಪ್ರಕಾರ, ನಾವು ಕೋರ್ಟಿಗೆ ಹೋಗದಿದ್ದಲ್ಲಿ 10ರಿಂದ 14 ಕೆಲಸದ ದಿನಗಳಲ್ಲಿ ಪುಟ ವಾಪಸ್ ಬರಬಹುದು. ನನ್ನ ವಿಷಯದಲ್ಲಿ ಯಾರೂ ಕೊಡಲಿಲ್ಲ.

ಮೆಸೇಜ್ ಮಾಡಿದ ಮಹಿಳೆಗೂ ಆ ಜೋಡಿ ಚಿತ್ರಗಳನ್ನು ಕಳಿಸಿದೆ. ಅದನ್ನೇ ತೋರಿಸಿ ಅವರು ದುಡ್ಡು ವಾಪಸ್ ಪಡೆದರು.

ಸ್ವಂತ ವೆಬ್‌ಸೈಟ್ ಇಟ್ಟುಕೊಂಡ ಒಬ್ಬ ಮಾರಾಟಗಾರ ಮಾತ್ರ ಇನ್ನೂ ಜಗ್ಗಿಲ್ಲ. ವೆಬ್‌ಸೈಟ್‌ಗಳ ನೋಂದಣಿ ವಿವರ ತೋರಿಸುವ ಹೂಈಸ್‌ನಲ್ಲಿ ಹುಡುಕಿ, ಆ ಸೈಟ್‌ಗೆ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿಗೆ ದೂರು ಬರೆದಿದ್ದೇನೆ. ಹುಡುಕಾಟದಲ್ಲಿ ಆ ಲಿಂಕ್ ಬರದಂತೆ ಮಾಡಲು ಗೂಗಲ್‌ಗೂ ಪ್ರತ್ಯೇಕ ಅರ್ಜಿ ಹೋಗಿದೆ.